ಒಡೀಲಿಯಾ ಚುನಾವಣೆಗೆ ನಿಂತ ವರ್ಷ

ಸಾನ್ ಇಲಾರಿಯೋ, ಟೆಕ್ಸಸ್
9 ಡಿಸೆಂಬರ್ 1962

ನಿಯೆವೆಸ್ ಅಕ್ಕಾ,

ನೀನು ಕಳಿಸಿದ ಉಣ್ಣೆ ಟೋಪಿ ಅಂಪಾರೋ ತಲೆಗೆ ಸರಿಯಾಗಿ ಕೂತಿತು. ಇಲ್ಲಿ ಟೋಪಿ ಹಾಕುವಂಥ ಚಳಿ ಎಲ್ಲಿಂದ ಬರಬೇಕು? ಆದರೂ ಮಿಷಿಗನ್ ದೊಡ್ಡಮ್ಮನ ಟೋಪಿ ಅಂತ ಬೆವರು ಸುರಿಸಿಕೊಂಡೇ ಸ್ಕೂಲಿಗೆ ಹೋಗ್ತಾಳೆ. ಒಂಬತ್ತು ವರ್ಷಕ್ಕೇ ಇಷ್ಟು ಹಟ. ಎಲ್ಲ ನಿಮ್ಮ ಮನೆ ಕಡೆಯಿಂದ ಬಂದಿದ್ದು ಅಂತಾನೆ ಅವಳಪ್ಪ ಸೆವೆರೋ.

ಒಂದು ಕೆಟ್ಟ ಸುದ್ದಿ. ನಾನು ಹುಟ್ಟಿದಾಗ ಅಮ್ಮನಿಗೆ ಹೆರಿಗೆ ಮಾಡಿಸಿದ ಮುದುಕಿ ದೋನ್ಯಾ ಕ್ರಿಸಾಂತಾ ಹೋಗಿಬಿಟ್ಟಳು. ಅವಳ ಮನೆಗೆ ಬೆಂಕಿ ಬಿತ್ತು. ಬೆಂಕಿ ಆರಿಸೋ ಗಾಡಿ ಬಂತು, ರೈಲು ಹಳಿಯ ಆಚೆ ತನಕ ಬಂದು ಅಲ್ಲೇ ನಿಂತಿತು. ಹಳಿಯ ಈಚೆ, ನಮ್ಮ ಕಡೆ, ನೀರಿನ ಪೈಪೇ ಇಲ್ಲವಲ್ಲ, ಬಂದು ಮಾಡೋದೇನು ಅಂದರು. ನಾವು ಮೂಲೆಯ ನಲ್ಲಿಯಿಂದ ಬಕೆಟ್ಟಿನಲ್ಲಿ ನೀರು ಹೊತ್ತೆವು. ಅವಳ ಕೂಗು ನಿಂತ ಮೇಲೂ ಹೊತ್ತೆವು.

ಆಮೇಲೆ ನಾನು ಪುರಸಭೆಗೆ ಹೋದೆ. ಐದು ಜನ ಬಿಳಿ ಗಂಡಸರು ಉದ್ದ ಮೇಜಿನ ಹಿಂದೆ ಕೂತಿದ್ದರು. ಎಲ್ಲರ ಅರ್ಜಿ ಮುಗಿಯೋ ತನಕ ನನ್ನನ್ನು ಗೋಡೆ ಪಕ್ಕ ನಿಲ್ಲಿಸಿದರು. ಕೊನೆಗೆ ಮೇಯರ್ ನನ್ನನ್ನು ನೋಡಿ, ಕಸ ಗುಡಿಸೋಳು ಇವತ್ತು ಬೇಗ ಬಂದುಬಿಟ್ಟಿದ್ದಾಳೆ ಅಂದ. ಎಲ್ಲ ನಕ್ಕರು. ಅವರು ನಕ್ಕು ಮುಗಿಸಲಿ ಅಂತ ಕಾದು, ಪೈಪಿನ ಮಾತು ಎತ್ತಿದೆ. ಅದಕ್ಕೆ ಅವನು, "ನಿಮ್ಮ ಜನ ವೋಟು ಹಾಕೋದಿಲ್ಲ. ವೋಟು ಹಾಕದವರಿಗೆ ಪೈಪು ಯಾಕಮ್ಮ?" ಅಂದ.

ಮನೆಗೆ ನಡೆದು ಬರ್ತಾ ಯೋಚನೆ ಮಾಡಿದೆ. ಊರಲ್ಲಿ ಮುಕ್ಕಾಲು ಪಾಲು ನಾವು ಮೆಕ್ಸಿಕನ್ನರೇ ಇದ್ದೀವಿ. ಮೇಜಿನ ಹಿಂದೆ ನಮ್ಮವರು ಒಬ್ಬರೂ ಇಲ್ಲ, ಯಾವತ್ತೂ ಇರಲಿಲ್ಲ. ಏಪ್ರಿಲ್‌ನಲ್ಲಿ ಚುನಾವಣೆ. ನಾನು ನಿಲ್ತಿದೀನಿ ಅಕ್ಕಾ.

ನೀನು ಖುಷಿ ಪಡ್ತೀಯ ಅಂತ ನನಗೆ ಗೊತ್ತು.

ನಿನ್ನ ತಂಗಿ
ಒಡೀಲಿಯಾ


ಸ್ಯಾಗಿನಾ, ಮಿಷಿಗನ್
20 ಡಿಸೆಂಬರ್ 1962

ಒಡೀ,

ನನಗೆ ಖುಷಿ ಆಗಲಿಲ್ಲ. ನಿನ್ನ ಪತ್ರ ಓದಿ ಕೈಕಾಲು ತಣ್ಣಗಾಯ್ತು. ಸಕ್ಕರೆ ಕಾರ್ಖಾನೆಗೆ ಅರ್ಧ ದಿನ ರಜಾ ಹಾಕಿ ಈ ಉತ್ತರ ಬರೀತಿದೀನಿ, ಇನ್ನೂ ಹೆಸರು ಕೊಟ್ಟಿಲ್ಲದಿದ್ದರೆ ಕೊಡಬೇಡ ಅಂತ.

ಕ್ರಿಸಾಂತಾ ಸತ್ತಿದ್ದಕ್ಕೆ ನನಗೂ ಸಂಕಟ ಆಗಿದೆ. ಆದರೆ ಸೆವೆರೋ ಕೆಲಸ ಮಾಡೋದು ಯಾರ ಈರುಳ್ಳಿ ಗೋದಾಮಿನಲ್ಲಿ? ಆ ಮೇಜಿನ ಹಿಂದೆ ಕೂತವನ ಗೋದಾಮಿನಲ್ಲಿ ತಾನೇ? ನಾಳೆ ಅವನನ್ನು ಹೊರಗೆ ಹಾಕಿದರೆ? ನಿನ್ನ ಮನೆಯ ಮುಂಕೋಣೆಯ ಪಾರ್ಲರಿಗೆ ಕೂದಲು ಕತ್ತರಿಸಿಕೊಳ್ಳೋಕೆ ಬರೋ ಹೆಂಗಸರ ಗಂಡಂದಿರೂ ಅಲ್ಲೇ ಈರುಳ್ಳಿ ತುಂಬ್ತಾರೆ. ಇದನ್ನೆಲ್ಲ ಗಂಡಸರು ಯಾರಾದರೂ ಮಾಡಲಿ ಕಣೆ. ಬೇಕರಿ ಅಬುಂಡಿಯೋ ನಿಲ್ಲಲಿ, ಅವನಿಗೆ ಮಕ್ಕಳೂ ಇಲ್ಲ, ಯಜಮಾನನೂ ಇಲ್ಲ. ನಮ್ಮವರಲ್ಲಿ ಹೆಂಗಸೊಬ್ಬಳು ನಿಂತಿದ್ದು ಆ ಜಿಲ್ಲೆಯಲ್ಲಿ ನಾನಂತೂ ಕೇಳಿಲ್ಲ.

ಹಬ್ಬಕ್ಕೆ ಅಂತ ಜೋಳದ ಹಿಟ್ಟಿನ ತಮಾಲೆ ಮಾಡಿದೆ. ಇಲ್ಲಿ ಒಳ್ಳೆ ಮೆಣಸಿನಕಾಯಿ ಸಿಗೋದಿಲ್ಲ.

ಇನ್ನೊಂದು ವಿಷಯ, ಸುಮ್ಮನೆ ಕೇಳ್ತಿದೀನಿ. ಗ್ಯಾಂಟ್ ಅಂತ ಒಬ್ಬ ಪೊಲೀಸಿನವನಿದ್ದ. ಅವನು ಇನ್ನೂ ಊರಲ್ಲಿದ್ದಾನಾ?

ನಿಯೆವೆಸ್


ಸಾನ್ ಇಲಾರಿಯೋ
28 ಜನವರಿ 1963

ಅಕ್ಕಾ,

ನಿನ್ನ ಪತ್ರ ಬರೋ ಹೊತ್ತಿಗೆ ಹೆಸರು ಕೊಟ್ಟಾಗಿತ್ತು. ಆದ್ದರಿಂದ ನಾನು ನಿನ್ನ ಮಾತು ಮೀರಿದೆ ಅಂತ ಅನ್ನೋ ಹಾಗಿಲ್ಲ.

ನೀನು ಅಬುಂಡಿಯೋ ನಿಲ್ಲಲಿ ಅಂದೆಯಲ್ಲ, ಅವರೂ ನಿಂತಿದ್ದಾರೆ. ಅದು ಹೇಗಾಯ್ತು ಕೇಳು. ಮೊದಲನೇ ಸಭೆ ಅವರ ಬೇಕರಿಯಲ್ಲೇ ನಡೀತು. ಐದೂ ಸ್ಥಾನಕ್ಕೆ ಐದು ಗಂಡಸರು ನಿಲ್ತೀವಿ ಅಂದರು. ನಾನೂ ನಿಲ್ತೀನಿ ಅಂದೆ. ಆಮೇಲೆ ದೋನ್ ಅಬುಂಡಿಯೋ ಮೆತ್ತಗೆ, "ನೋಡು ಮಗಳೇ, ಬಿಳಿಯರು ಮೊದಲೇ ನಮ್ಮನ್ನು ನೋಡಿ ನಗ್ತಾರೆ. ಹೆಂಗಸನ್ನು ಮುಂದೆ ಮಾಡಿಕೊಂಡು ಬಂದ್ರು ಅಂತ ಇನ್ನೂ ನಗಬೇಕಾ? ನೀನು ಕಾಫಿಯ ಜವಾಬ್ದಾರಿ ತಗೋ" ಅಂದರು. ನಾನು ಎದ್ದು ಎಲ್ಲರಿಗೂ ಕಾಫಿ ಕೊಟ್ಟೆ. ಕೊಟ್ಟು ಮುಗಿಸಿ, ಕಾಫಿ ಆಯ್ತು, ಈಗ ನನ್ನ ಹೆಸರು ಬರ್ಕೊಳ್ಳಿ ಅಂದೆ. ಎರಡು ವಾರ ಕಳೆಯೋದರಲ್ಲಿ ಮಿಕ್ಕ ನಾಲ್ಕು ಗಂಡಸರು ಒಬ್ಬೊಬ್ಬರೇ ಹೆಸರು ವಾಪಸ್ ತಗೊಂಡರು. ಒಬ್ಬನಿಗೆ ಬೆನ್ನು ನೋವು, ಒಬ್ಬನ ಅತ್ತೆಗೆ ಹುಷಾರಿಲ್ಲ. ಈಗ ಉಳಿದಿರೋದು ನಾನು, ದೋನ್ ಅಬುಂಡಿಯೋ ಇಬ್ಬರೇ. ಮುದುಕರಿಗೂ ಹೆದರಿಕೆ ಇದೆ, ಆದರೂ ನಿಂತಿದ್ದಾರೆ.

ವೋಟು ಹಾಕಬೇಕಾದರೆ ಈ ತಿಂಗಳೊಳಗೆ ವೋಟಿನ ತೆರಿಗೆ ಕಟ್ಟಬೇಕಲ್ಲ. ಹೆಂಗಸರೆಲ್ಲ ಸೇರಿ ತಮಾಲೆ ಮಾರಿ, ಕಟ್ಟೋಕಾಗದವರ ತೆರಿಗೆ ಕಟ್ಟಿದ್ವಿ. ನಾನು ಗಾಡಿ ಓಡಿಸೋದು ಕಲಿತೆ. ಮುದುಕಿಯರನ್ನು ಕೂರಿಸಿಕೊಂಡು ಕಚೇರಿಗೆ ಹೋಗೋದು, ವಾಪಸ್ ಬರೋದು. ಅವರು ದಾರಿಯುದ್ದಕ್ಕೂ ಜಪ ಮಾಡ್ತಾರೆ, ತೆರಿಗೆಗಾಗಿ ಅಲ್ಲ, ನಾನು ಗಾಡಿ ಓಡಿಸೋ ರೀತಿಗೆ.

ಹೌದು, ನಿನ್ನ ಗ್ಯಾಂಟ್ ಇದ್ದಾನೆ. ಈಗ ಅವನೇ ಊರಿನ ಮಾರ್ಷಲ್, ಪೊಲೀಸಿಗೆಲ್ಲ ಅವನೇ ದೊಡ್ಡವನು. ದಿನಾ ಬೆಳಿಗ್ಗೆ ಪಾರ್ಲರಿನ ಎದುರಿಗೆ ಕಾರು ನಿಲ್ಲಿಸಿಕೊಂಡು ಕೂತ್ಕೋತಾನೆ. ಇಳಿಯೋದೂ ಇಲ್ಲ, ಮಾತಾಡೋದೂ ಇಲ್ಲ. ಮೊನ್ನೆ ಅಂಪಾರೋ ಕೈಲಿ ಕಾಫಿ ಕಳಿಸಿದೆ. ಕುಡಿದು ಲೋಟ ವಾಪಸ್ ಕೊಟ್ಟ.

ಸೆವೆರೋಗೆ ಗೋದಾಮಿನಲ್ಲಿ ಸ್ವಲ್ಪ ದಿನ ರಜಾ ಸಿಕ್ಕಿದೆ. ಮನೆಯ ಮಾಡು ರಿಪೇರಿ ಮಾಡ್ತಿದ್ದಾನೆ.

ನೀನು ಹೆದರಬೇಡ. ಹಿಮದ ಊರಿಗೆ ಓಡಿಹೋದವರಿಗೆ ಇಲ್ಲಿಯದೆಲ್ಲ ದೊಡ್ಡದಾಗಿ ಕಾಣುತ್ತೆ.

ಒಡೀಲಿಯಾ


ಸ್ಯಾಗಿನಾ
5 ಫೆಬ್ರವರಿ 1963

ಒಡೀ,

ಈರುಳ್ಳಿ ಸುಗ್ಗಿ ಹತ್ತಿರ ಬರುವಾಗ ಯಾವ ಗೋದಾಮಿನವನು ರಜಾ ಕೊಡ್ತಾನೆ? ನಾನು ಅಲ್ಲಿ ಏಳು ವರ್ಷ ಕೆಲಸ ಮಾಡಿದೋಳು. ನನ್ನ ಹತ್ತಿರ ಸುಳ್ಳು ಬರೀಬೇಡ.

ಆ ಮನುಷ್ಯನಿಗೆ ಕಾಫಿ ಕಳಿಸಬೇಡ. ಅಂಪಾರೋನ ಅವನ ಕಾರಿನ ಹತ್ತಿರ ಬಿಡಲೇಬೇಡ. ಇದೊಂದು ಮಾತು ನಡೆಸಿಕೊಡು. ಹುಡುಗಿಯನ್ನು ಸ್ಕೂಲಿಗೆ ಒಬ್ಬಳನ್ನೇ ಕಳಿಸಬೇಡ. ಯಾಕೆ ಅಂತ ಕೇಳಬೇಡ.

ಹೆಸರು ವಾಪಸ್ ತಗೊಳ್ಳೋಕೆ ಇನ್ನೂ ಸಮಯ ಇದೆ ತಾನೇ?

ನಿಯೆವೆಸ್


ಸಾನ್ ಇಲಾರಿಯೋ
26 ಫೆಬ್ರವರಿ 1963

ಅಕ್ಕಾ,

ಉತ್ತರ ತಡವಾಯ್ತು. ಕೆಲಸ ಜಾಸ್ತಿ.

ಎಲ್ಲ ಚೆನ್ನಾಗಿದೆ. ಅಂಪಾರೋ ಲರೇಡೋದಲ್ಲಿ ಸೆವೆರೋನ ಅಕ್ಕನ ಮನೆಯಲ್ಲಿದ್ದಾಳೆ, ಹವಾ ಬದಲಾವಣೆಗೆ. ನಾಯಿ ಎಲ್ಲೋ ಹೋಯ್ತು. ಪಾರ್ಲರಿಗೆ ಜನ ಕಡಿಮೆ, ಅದಕ್ಕೇ ಮನೆಮನೆಗೆ ಹೋಗಿ ವೋಟು ಕೇಳೋಕೆ ಪುರುಸೊತ್ತು ಸಿಗ್ತಿದೆ. ಬಾಗಿಲು ತೆಗೆಯೋವರು ಕಡಿಮೆ. ಕಿಟಕಿ ಪರದೆ ಅಲ್ಲಾಡುತ್ತೆ, ಒಳಗಿದ್ದಾರೆ ಅಂತ ಗೊತ್ತಾಗುತ್ತೆ, ನಾನು ಹೊರಗಿನಿಂದಲೇ ಹೇಳೋದು ಹೇಳಿ ಬರ್ತೀನಿ. ಪಾದ್ರಿಗಳೂ ಒಂದು ದಿನ ಕರೆಸಿ, ಹೆಂಗಸಿಗೆ ಮನೆ ಶಾಂತಿ ಮುಖ್ಯ ಅಂದರು.

ಎಲ್ಲರೂ ಬೇಡ ಬೇಡ ಅಂತಾರೆ. ನೀನಾದರೂ ಒಂದು ಸಲ ಮಾಡು ಅಂತೀಯ ಅಂದ್ಕೊಂಡಿದ್ದೆ. ಚಿಕ್ಕವಳಿದ್ದಾಗ ನನಗೆ ನೀನೇ ದೊಡ್ಡ ಧೈರ್ಯ. ಆದರೆ ಈಗ ಅನ್ನಿಸೋದು ಬೇರೆ. ಅಮ್ಮ ಹಾಸಿಗೆ ಹಿಡಿದಿದ್ದಾಗ ನೀನು ಬೀಟ್‌ರೂಟ್ ಹೊಲದ ಕೆಲಸ ಅಂತ ಹೊರಟುಹೋದೆ. ಹದಿನಾಲ್ಕು ವರ್ಷದ ನನ್ನ ಮೇಲೆ ಅವಳನ್ನು ಬಿಟ್ಟು ಹೋದೆ. ಮಣ್ಣಿಗೂ ಬರಲಿಲ್ಲ. ಬಸ್ಸು ಸಿಗಲಿಲ್ಲ ಅಂತ ಬರೆದೆ. ಹದಿನಾರು ವರ್ಷದಲ್ಲಿ ಒಂದು ಬಸ್ಸೂ ಸಿಗಲಿಲ್ಲವಾ ನಿನಗೆ? ದೂರ ಕೂತು ಹೆದರೋದು ಸುಲಭ ಅಕ್ಕಾ. ಇಲ್ಲಿದ್ದು ಹೆದರೋದು ಏನು ಅಂತ ನಿನಗೆ ಗೊತ್ತಿಲ್ಲ.

ಒಡೀಲಿಯಾ


ಸ್ಯಾಗಿನಾ
8 ಮಾರ್ಚ್ 1963

ಒಡೀ,

ನಿನ್ನ ಪತ್ರ ಬಂದು ಸುಮಾರು ದಿನ ಆಯ್ತು. ಬರೆಯೋಕೆ ಕೂತು ಕೂತು ಎದ್ದೆ. ಇವತ್ತು ಫಿದೆನ್ಸಿಯೋ ಎದುರಿಗೆ ಬಂದು ಕೂತು, ನನಗೆ ಹೇಳಿದ್ದೀಯಲ್ಲ, ಅವಳಿಗೂ ಹೇಳು ಅಂದ. ಇದು ಗೊತ್ತಿರೋದು ನನ್ನ ಗಂಡನಿಗೆ ಒಬ್ಬನಿಗೇ.

ನಾನು ಗೋದಾಮಿನಲ್ಲಿ ಕೆಲಸ ಮಾಡ್ತಿದ್ದ ಕೊನೇ ವರ್ಷ, ಯುದ್ಧ ಮುಗಿದ ಮರುವರ್ಷ ಅದು. ನಮ್ಮ ಹುಡುಗರು ಯುದ್ಧದಿಂದ ವಾಪಸ್ ಬಂದಿದ್ದರು, ಎಲ್ಲರ ಬಾಯಲ್ಲೂ ವೋಟಿನ ಮಾತು. ನಾನು ನನ್ನ ಸಾಲಿನಲ್ಲಿ ಈರುಳ್ಳಿ ಆರಿಸ್ತಿದ್ದ ಹೆಂಗಸರನ್ನು ಒಪ್ಪಿಸಿ ತೆರಿಗೆ ಕಟ್ಟಿಸಿದೆ. ನಿನ್ನ ಹಾಗೇ. ಅದರಲ್ಲಿ ಅಂಥ ಧೈರ್ಯವೇನೂ ಬೇಕಾಗಿರಲಿಲ್ಲ, ಏನಾಗುತ್ತೆ ಅಂತ ಗೊತ್ತೇ ಇರಲಿಲ್ಲವಲ್ಲ.

ಒಂದು ಮಧ್ಯಾಹ್ನ ಕೆಲಸ ಬಿಟ್ಟು ಬರುವಾಗ ಗ್ಯಾಂಟ್ ಕಾರು ನಿಲ್ಲಿಸಿದ. ಆಗ ಅವನು ಸಾಮಾನ್ಯ ಪೊಲೀಸು. ಹತ್ತು ಅಂದ. ಪೊಲೀಸಿನವನು ಹತ್ತು ಅಂದರೆ ಹತ್ತಬೇಕು ಅಂದ್ಕೊಂಡೆ. ನದಿ ಕಡೆ, ಪಾಪಾಸುಕಳ್ಳಿ ತುಂಬಿದ ಬಯಲಿದೆಯಲ್ಲ, ಅಲ್ಲಿಗೆ ಕರ್ಕೊಂಡು ಹೋಗಿ ಇಳಿಸಿದ. ನನ್ನ ಮೈ ಮುಟ್ಟಲಿಲ್ಲ, ಅದನ್ನು ಮೊದಲೇ ಹೇಳಿಬಿಡ್ತೀನಿ. ಬೂಟು ಬಿಚ್ಚು ಅಂದ. ಬಿಚ್ಚಿದೆ. ಅದನ್ನು ಕಾರಿನೊಳಗೆ ಹಾಕ್ಕೊಂಡ. ಕೂಗಾಡಲಿಲ್ಲ, ಬೈಯಲಿಲ್ಲ. ಅಂಗಡಿಯವನು ಸಾಮಾನಿನ ವಿಷಯ ಮಾತಾಡೋ ಹಾಗೆ ಮಾತಾಡಿದ.

"ನೀನು ಊರು ಬಿಡ್ತೀಯ. ನಿನ್ನ ತಂಗಿ ಸ್ಕೂಲಿಂದ ಒಬ್ಬಳೇ ನಡೆದು ಬರ್ತಾಳೆ, ನೋಡಿದ್ದೀನಿ. ನೀನು ಈ ಊರಲ್ಲಿ ಇನ್ನೊಂದು ಸಲ ಕಣ್ಣಿಗೆ ಬಿದ್ದರೆ, ಈ ಕಾರಿಗೆ ಅವಳು ಹತ್ತುತ್ತಾಳೆ."

ಅಷ್ಟು ಹೇಳಿ ಹೊರಟುಹೋದ. ನಾನು ಬರಿಗಾಲಲ್ಲಿ ಮುಳ್ಳಿನ ಮೇಲೆ ನಡೆದು ಬಂದೆ. ನಿನಗೆ ನೆನಪಿರಬಹುದು, ಕಳ್ಳಿ ಹಣ್ಣು ಕೀಳೋಕೆ ಹೋಗಿದ್ದೆ ಅಂತ ಅಮ್ಮನಿಗೆ ಹೇಳಿದೆ. ನೀನೇ ಕೂತು ನನ್ನ ಪಾದದ ಮುಳ್ಳು ತೆಗೆದೆ. ಇಷ್ಟು ದಡ್ಡತನವಾ ಅಕ್ಕಾ, ಬೂಟು ಬಿಟ್ಟು ಹಣ್ಣಿಗೆ ಹೋಗ್ತಾರಾ ಅಂತ ಬೈದೆ.

ಅಮ್ಮ ಸತ್ತ ತಂತಿ ಬಂದಾಗ ನಾನು ಬಸ್ಸಿಗೆ ಟಿಕೆಟ್ ತಗೊಂಡಿದ್ದೆ. ನಿಲ್ದಾಣದಲ್ಲಿ ಕೂತಿದ್ದೆ. ಬಸ್ಸು ಬಂತು, ಹೋಯ್ತು. ನಿನಗೆ ಆಗ ಹದಿನೈದು.

ಈಗ ಅವನು ನಿನ್ನ ಮನೆ ಎದುರಿಗೆ ಕೂತಿದ್ದಾನೆ. ಅವನ ಕೈಗೆ ಕಾಫಿ ಕೊಟ್ಟಿದ್ದು ಅಂಪಾರೋ. ನನಗೆ ಹೆದರಿಕೆ ಗೊತ್ತಿಲ್ಲ ಅಂತ ಮಾತ್ರ ಬರೀಬೇಡ.

ನಿಯೆವೆಸ್


ಸಾನ್ ಇಲಾರಿಯೋ
15 ಮಾರ್ಚ್ 1963

ಅಕ್ಕಾ,

ನಿನ್ನ ಪತ್ರ ಓದಿ ಅಡಿಗೆಮನೆ ನೆಲದ ಮೇಲೆ ಕೂತುಬಿಟ್ಟೆ. ಸೆವೆರೋ ಬಂದು ಎಬ್ಬಿಸಿದ. ಅವನಿಗೂ ಓದಿ ಹೇಳಿದೆ.

ಹದಿನಾರು ವರ್ಷ ನಿನ್ನ ಮೇಲೆ ಸಿಟ್ಟಿತ್ತು. ಆ ಸಿಟ್ಟನ್ನು ಈಗ ಎಲ್ಲಿ ಇಡಲಿ ಅಂತ ಗೊತ್ತಾಗ್ತಿಲ್ಲ.

ಇನ್ನು ನಾನೂ ನಿಜ ಬರೀತೀನಿ. ಸೆವೆರೋಗೆ ರಜಾ ಕೊಟ್ಟಿದ್ದಲ್ಲ, ನಾನು ಹೆಸರು ಕೊಟ್ಟ ವಾರವೇ ಹೊರಗೆ ಹಾಕಿದರು. ಫೆಬ್ರವರಿಯಲ್ಲಿ ರೈಲು ಹಳಿಯ ಹತ್ತಿರ ಗ್ಯಾಂಟ್, ಅವನ ಜೊತೆ ಇನ್ನಿಬ್ಬರು ಸೆವೆರೋನ ಹಿಡಿದು ಹೊಡೆದರು. ದವಡೆ ಮುರಿದಿದೆ. ಹಲ್ಲಿಗೆ ತಂತಿ ಕಟ್ಟಿದ್ದಾರೆ, ಗಂಜಿ ಬಿಟ್ಟರೆ ಏನೂ ಇಳಿಯೋದಿಲ್ಲ. ಲಾರಿಯಿಂದ ಬಿದ್ದ ಅಂತ ಬರೆಸಿಕೊಂಡರು. ನಾಯಿ ಎಲ್ಲೂ ಹೋಗಲಿಲ್ಲ, ವಿಷ ಹಾಕಿ ಬಾಗಿಲಿಗೆ ತಂದು ಇಟ್ಟಿದ್ದರು. ಅಂಪಾರೋ ಅದನ್ನು ನೋಡಿದ ದಿನವೇ ಲರೇಡೋಗೆ ಕಳಿಸಿದೆ. ಔಷಧಿ ಅಂಗಡಿಯ ಪೆಟಿಗ್ರೂ, ಬಿಳಿಯ, ಆ ಮೇಜಿನ ಹಿಂದೆ ಕೂರೋ ಐವರಲ್ಲಿ ಒಬ್ಬ, ನಾನು ನೋವಿನ ಮಾತ್ರೆ ಕೇಳೋಕೆ ಹೋದಾಗ ಏನಾಯ್ತು ಅಂತ ಕೇಳಲಿಲ್ಲ. ತಲೆ ಬಗ್ಗಿಸಿಕೊಂಡು ಕೊಟ್ಟ.

ನಿನಗೆ ನಗುನಗುತ್ತಾ ಬರೀತಿದ್ದೆನಲ್ಲ, ಬರೆದು ಮುಗಿಸಿ ಲಕೋಟೆ ಅಂಟಿಸೋ ಹೊತ್ತಿಗೆ ಅಂಗೈ ಒದ್ದೆಯಾಗಿರ್ತಿತ್ತು. ಬಟ್ಟೆ ಒಣಗಿಸೋಕೆ ಹಿತ್ತಲಿಗೆ ಹೋಗೋಕೂ ಹೆದರ್ತೀನಿ. ಬೀದಿಯಲ್ಲಿ ಕಾರಿನ ಬಾಗಿಲು ಹಾಕಿದ ಸದ್ದಾದರೆ ಕೈಲಿದ್ದ ಕತ್ತರಿ ಬೀಳುತ್ತೆ.

ನೀನು ಹೇಳಿದ್ದೇ ಸರಿ. ಸೋಮವಾರ ಹೋಗಿ ಹೆಸರು ತೆಗೆಸಿಬಿಡ್ತೀನಿ. ಸೆವೆರೋ ಬೇಡ ಅಂತ ತಲೆ ಆಡಿಸ್ತಾನೆ, ಮಾತಾಡೋಕೆ ಆಗೋದಿಲ್ಲವಲ್ಲ. ಅವನ ಮುಖ ನೋಡೋಕೆ ಆಗ್ತಿಲ್ಲ.

ಒಡೀಲಿಯಾ


(ತುರ್ತು ಅಂಚೆಯಲ್ಲಿ)
ಸ್ಯಾಗಿನಾ
18 ಮಾರ್ಚ್ 1963

ಒಡೀ,

ಹೆಸರು ತೆಗೆಸಬೇಡ. ತೆಗೆಸಿಬಿಟ್ಟಿದ್ದರೆ ಹೋಗಿ ಮತ್ತೆ ಹಾಕಿಸು.

ಡಿಸೆಂಬರಿನಿಂದ ಬೇಡ ಬೇಡ ಅಂದವಳೇ ಹೀಗೆ ಹೇಳ್ತಿದ್ದಾಳೆ ಅಂತ ನಿನಗೆ ಆಶ್ಚರ್ಯ ಆಗಬಹುದು. ನಾನು ಊರು ಬಿಟ್ಟೆ, ಬಾಯಿ ಮುಚ್ಚಿಕೊಂಡೆ, ಅವನು ಹೇಳಿದ್ದನ್ನೆಲ್ಲ ಮಾಡಿದೆ. ಆದರೂ ಅವನು ನಿನ್ನ ಬಾಗಿಲಿಗೆ ಬಂದು ಕೂತಿದ್ದಾನೆ. ನೀನೂ ಹಾಗೇ ಮಾಡಿದರೆ ನಾಳೆ ಅಂಪಾರೋ ಬಾಗಿಲಿಗೆ ಬರ್ತಾನೆ. ನಾನು ತಪ್ಪು ಲೆಕ್ಕ ಹಾಕಿದ್ದೆ ಕಣೆ.

ಇದಕ್ಕೆ ಉತ್ತರ ಬರೀಬೇಡ. ಬರೆದರೂ ನಾನು ಇಲ್ಲಿರೋದಿಲ್ಲ.

ನಿಯೆವೆಸ್


ಸಾನ್ ಇಲಾರಿಯೋ
10 ಏಪ್ರಿಲ್ 1963

ಅಕ್ಕಾ,

ಕ್ಷೇಮವಾಗಿ ತಲುಪಿದೆಯಾ? ನೀನು ಬಸ್ಸು ಹತ್ತಿದ ಮೇಲೆ ಮನೆ ಬಿಕೋ ಅಂತಿದೆ. ನೀನಿದ್ದ ಅಷ್ಟೂ ದಿನ ಮಾತಾಡಬೇಕಾಗಿದ್ದು ಒಂದೂ ಮಾತಾಡಲಿಲ್ಲ. ಬರೀ ತಮಾಲೆ, ಗಾಡಿ, ಮುದುಕಿಯರು. ಆ ಸೋಮವಾರ ಸೆವೆರೋ ಬಾಗಿಲಿಗೆ ಅಡ್ಡ ನಿಂತು ನನ್ನನ್ನು ಹೆಸರು ತೆಗೆಸೋಕೆ ಬಿಡಲಿಲ್ಲ ಅಂತಲೂ ನಿನಗೆ ಹೇಳಲಿಲ್ಲ. ಗೆದ್ದ ಸುದ್ದಿ ಬಂದಾಗಲೂ ನಾವಿಬ್ಬರೂ ಅತ್ತಿದ್ದು ಬಿಟ್ಟರೆ ಏನು ಮಾತಾಡಿದ್ವಿ?

ಅದಕ್ಕೇ ಚುನಾವಣೆ ದಿನ ನಾನು ಹಿಂದಿನಿಂದ ನೋಡಿದ್ದನ್ನು ಬರೀತೀನಿ. ನಿನಗೆ ನಿನ್ನ ಬೆನ್ನು ಕಾಣೋದಿಲ್ಲವಲ್ಲ.

ಮತಗಟ್ಟೆ ಹಳಿಯ ಆಚೆ, ಬೆಂಕಿ ಆರಿಸೋ ಗಾಡಿ ನಿಲ್ಲಿಸೋ ಕಟ್ಟಡದಲ್ಲಿ. ನಮ್ಮ ಜನ ಬೆಳಿಗ್ಗೆಯೇ ಬಂದರು. ಅಷ್ಟು ಜನ ಬರ್ತಾರೆ ಅಂತ ನಾನು ಕನಸಲ್ಲೂ ಅಂದ್ಕೊಂಡಿರಲಿಲ್ಲ. ಆದರೆ ಬಂದವರೆಲ್ಲ ಹಳಿಯ ಈಚೆಗೇ ನಿಂತರು. ಆಚೆ ಗ್ಯಾಂಟ್ ನಿಂತಿದ್ದ, ಕಾರಿಗೆ ಒರಗಿಕೊಂಡು. ಅವನು ತಡೀಲೂ ಇಲ್ಲ, ಬನ್ನಿ ಅಂತಲೂ ಇಲ್ಲ, ಒಬ್ಬೊಬ್ಬರ ಮುಖ ನೋಡ್ತಿದ್ದ. ಅಷ್ಟು ಸಾಕಾಯ್ತು. ಹಿಂದೆ ನಿಂತವರು ಒಬ್ಬಿಬ್ಬರು ಮೆಲ್ಲಗೆ ಮನೆ ಕಡೆ ತಿರುಗಿದರು. ದೋನ್ ಅಬುಂಡಿಯೋ ಟೋಪಿ ಕೈಲಿ ಹಿಡಿದು ತಿರುಗಿಸ್ತಾ ಇದ್ದರು. ನನ್ನ ಕಾಲು ನೆಲಕ್ಕೆ ಅಂಟಿಕೊಂಡಿತ್ತು ಅಕ್ಕಾ. ಭಾಷಣ ಮಾಡಬೇಕು, ಜನರನ್ನು ಕರೆಯಬೇಕು ಅಂತ ಗೊತ್ತು, ಆದರೆ ಆಗಲಿಲ್ಲ.

ಆಗ ನೀನು ನನ್ನ ಪಕ್ಕದಿಂದ ಹೊರಟೆ. ಆ ಸೆಕೆಯಲ್ಲಿ ಮಿಷಿಗನ್ ಕೋಟು ಹಾಕ್ಕೊಂಡು. ಹಳಿ ದಾಟುವಾಗ ನೀನು ಒಂದು ಸಲವೂ ಹಿಂದೆ ತಿರುಗಿ ನೋಡಲಿಲ್ಲ. ಅವನು ನಿನ್ನನ್ನು ನೋಡಿ ಕಣ್ಣು ಕಿರಿದು ಮಾಡಿದ. ನಿನ್ನನ್ನು ಎಲ್ಲೋ ನೋಡಿದ ಹಾಗಿದೆಯಲ್ಲ ಅಂದ. ನೀನು ಕಾರ್ಖಾನೆಯಲ್ಲಿ ಕಲಿತ ಇಂಗ್ಲಿಷಿನಲ್ಲಿ, ಎಲ್ಲರಿಗೂ ಕೇಳೋ ಹಾಗೆ ಹೇಳಿದೆ:

"ನೋಡಿದ್ದೀಯ. ಆವತ್ತು ನನ್ನ ಬೂಟು ನಿನ್ನ ಕಾರಲ್ಲಿತ್ತು."

ಅವನು ಕೆಳಗೆ ನಿನ್ನ ಕಾಲು ನೋಡಿದ. ಯಾಕೆ ನೋಡಿದ ಅಂತ ಅವನಿಗೂ ಗೊತ್ತಿರಲಿಕ್ಕಿಲ್ಲ. ಅವನು ತಲೆ ತಗ್ಗಿಸಿದ್ದು ಅದೊಂದು ಗಳಿಗೆ, ಅಷ್ಟರಲ್ಲಿ ಗೋದಾಮಿನ ಹೆಂಗಸೊಬ್ಬಳು ಹಳಿ ದಾಟಿದಳು. ಅವಳ ಹಿಂದೆ ಅವಳ ಅತ್ತೆ. ಆಮೇಲೆ ಎಲ್ಲರೂ. ನಾನು ದಾಟಿದ್ದು ಕೊನೆಯವರ ಜೊತೆ. ಅಭ್ಯರ್ಥಿ ಅನ್ನೋಳು ನಾನು.

ಗೆದ್ದಿದ್ದು ನಾನು, ದೋನ್ ಅಬುಂಡಿಯೋ. ಮಿಕ್ಕ ಮೂವರು ಹಳಬರೇ, ಮೇಯರ್, ಗೋದಾಮಿನ ಯಜಮಾನ, ಪೆಟಿಗ್ರೂ. ಊರಲ್ಲಿ ಯಾರೂ ಹಾಡಲಿಲ್ಲ, ಕುಣಿಯಲಿಲ್ಲ. ನೀನೇ ನೋಡಿದೆಯಲ್ಲ, ಸುದ್ದಿ ಕೇಳಿ ಎಲ್ಲ ಒಳಗೆ ಹೋಗಿ ಚಿಲಕ ಹಾಕ್ಕೊಂಡರು. ಮರುದಿನ ಬೀದಿಯಲ್ಲಿ ಸಿಕ್ಕವರು ನನ್ನ ಕೈ ಹಿಡಿದು ಒತ್ತಿ ಮುಂದೆ ಹೋದರು.

ಒಡೀಲಿಯಾ


ಸ್ಯಾಗಿನಾ
24 ಏಪ್ರಿಲ್ 1963

ಒಡೀ,

ತಲುಪಿದೆ. ಇಲ್ಲಿ ಇನ್ನೂ ಚಳಿ ಬಿಟ್ಟಿಲ್ಲ. ಕೆಲಸಕ್ಕೆ ಹೇಳದೆ ಕೇಳದೆ ಬಂದಿದ್ದಕ್ಕೆ ಮೇಸ್ತ್ರಿ ಬೈದ, ತೆಗೆದುಹಾಕಲಿಲ್ಲ. ಸಾಲಿನ ಹೆಂಗಸರಿಗೆಲ್ಲ ನನ್ನ ತಂಗಿ ಪುರಸಭೆ ಸದಸ್ಯೆ ಅಂತ ಹೇಳಿದೆ. ಪೋಲೆಂಡಿನವಳೊಬ್ಬಳು ಇದ್ದಾಳೆ, ನಂಬಲೇ ಇಲ್ಲ, ಫೋಟೋ ತೋರಿಸು ಅಂದಳು. ಒಂದು ಫೋಟೋ ಕಳಿಸು, ಆ ಮೇಜಿನ ಹಿಂದೆ ಕೂತಿರೋದು.

ಅಮ್ಮನ ಸಮಾಧಿ ನೋಡಿದ ಮೇಲೆ ನಿದ್ದೆ ಚೆನ್ನಾಗಿ ಬರ್ತಿದೆ. ಕೆಟ್ಟದ್ದೆಲ್ಲ ಕಳೀತು ಅನ್ನಿಸುತ್ತೆ. ಈಗ ನೀನು ಅಧಿಕಾರದಲ್ಲಿದ್ದೀಯ, ಅವನು ಇನ್ನೇನು ಮಾಡಿಯಾನು? ಅಂಪಾರೋನ ಕರೆಸಿಕೋ. ಸೆವೆರೋಗೆ ತಂತಿ ಬಿಚ್ಚಿದರಾ?

ನಿಯೆವೆಸ್


ಸಾನ್ ಇಲಾರಿಯೋ
19 ಮೇ 1963

ಅಕ್ಕಾ,

ತಂತಿ ಬಿಚ್ಚಿದರು. ಸೆವೆರೋ ಮಾತಾಡ್ತಾನೆ, ಮೊದಲಿಗಿಂತ ಮೆಲ್ಲಗೆ. ಅಂಪಾರೋನ ಇನ್ನೂ ಕರೆಸಿಲ್ಲ. ಕೆಟ್ಟದ್ದು ಕಳೀತು ಅಂತ ನೀನು ಬರೆದಿದ್ದೆ. ಆ ಪತ್ರಕ್ಕೆ ಆಗಲೇ ಉತ್ತರ ಬರೆಯೋಕೆ ಮನಸ್ಸಾಗಲಿಲ್ಲ, ನಿನ್ನ ನಿದ್ದೆ ಕೆಡಿಸೋದು ಯಾಕೆ ಅಂತ. ಆದರೆ ನಾವು ಇನ್ನು ಮುಚ್ಚಿಡಬಾರದು.

ಪುರಸಭೆಯವರು ವರ್ಷಕ್ಕೊಂದು ಸಲ ಮಾರ್ಷಲನನ್ನು ಮತ್ತೆ ನೇಮಕ ಮಾಡಬೇಕು. ಇಷ್ಟು ವರ್ಷ ಅದು ಮಾತೇ ಇಲ್ಲದೆ ನಡೀತಿತ್ತು. ಈ ಸಲ ಸೋಮವಾರದ ಸಭೆಗೆ ಬಂತು. ಗ್ಯಾಂಟ್ ಟೋಪಿ ತೆಗೆದು, ನಾನು ಆವತ್ತು ನಿಂತಿದ್ದ ಗೋಡೆಯ ಪಕ್ಕ ನಿಂತ. ಸೊಂಟದಲ್ಲಿ ಪಿಸ್ತೂಲು. ಹಿಂದಿನ ಬೆಂಚುಗಳಲ್ಲಿ ನಮ್ಮ ಜನ ಇದ್ದರು.

ಹೆಸರು ಕೂಗಿ ಕೇಳ್ತಾರೆ, ಎಲ್ಲರೆದುರು ಬಾಯಿಬಿಟ್ಟು ಹೇಳಬೇಕು. ಮೇಯರ್ ಇರಲಿ ಅಂದ. ಗೋದಾಮಿನ ಯಜಮಾನ ಇರಲಿ ಅಂದ. ಮೂರನೆಯವರು ದೋನ್ ಅಬುಂಡಿಯೋ. ಹಿಂದಿನ ವಾರ ಗ್ಯಾಂಟ್ ಅವರ ಬೇಕರಿಗೆ ಹೋಗಿ, ಒಲೆ ಹಳೇದಾಗಿದೆ, ಬೆಂಕಿ ಹತ್ತಿಕೊಂಡರೆ ಕಷ್ಟ ಅಂತ ಹೇಳಿ ಬಂದಿದ್ದ. ಮುದುಕರು ಬಹಳ ಹೊತ್ತು ಮೇಜು ನೋಡಿದರು. ಮುಗೀತು ಅಂದ್ಕೊಂಡೆ. ಆಮೇಲೆ ಬೇಡ ಅಂದರು, ಎಷ್ಟು ಮೆಲ್ಲಗೆ ಅಂದರೆ ಗುಮಾಸ್ತೆ ಇನ್ನೊಂದು ಸಲ ಕೇಳಿದಳು. ಇನ್ನೊಂದು ಸಲವೂ ಬೇಡ ಅಂದರು.

ನನ್ನ ಹೆಸರು ಕೂಗಿದಳು. ನಾನು ಅವನ ಮುಖ ನೋಡಿಕೊಂಡೇ ಹೇಳಬೇಕು ಅಂತ ಮನೆಯಿಂದ ನಿರ್ಧಾರ ಮಾಡಿಕೊಂಡು ಹೋಗಿದ್ದೆ. ಆಗಲಿಲ್ಲ. ಅವನ ಅಂಗಿಯ ಗುಂಡಿ ನೋಡಿಕೊಂಡು "ಬೇಡ" ಅಂದೆ. ಕೊನೆಗೆ ಪೆಟಿಗ್ರೂ. ಆ ಮನುಷ್ಯ ಕನ್ನಡಕ ತೆಗೆದು ಒರೆಸಿ, ನಾನೂ ಬೇಡ ಅಂತೀನಿ ಅಂದ. ಯಾರನ್ನೂ ನೋಡಲಿಲ್ಲ.

ಗ್ಯಾಂಟ್ ಬ್ಯಾಡ್ಜು ಬಿಚ್ಚಿ ನನ್ನ ಮುಂದೆ ಇಟ್ಟ. ಮೇಯರ್ ಮುಂದೆ ಅಲ್ಲ, ನನ್ನ ಮುಂದೆ. ಇಟ್ಟು ಹೋದ. ಮೇಯರ್ ಮುಂದಿನ ವಿಷಯ ಅಂದ.

ಈಗ ಎದುರಿಗೆ ಅವನ ಕಾರು ನಿಲ್ಲೋದಿಲ್ಲ. ಮೊದಲು ಅವನು ಎಲ್ಲಿದ್ದಾನೆ ಅಂತಾದರೂ ಗೊತ್ತಿರ್ತಿತ್ತು.

ಇದನ್ನು ಬರೀತಿರೋದು ಭಾನುವಾರ. ಮಧ್ಯಾಹ್ನ ಊಟ ಮುಗಿಸಿ ಕೂತಿದ್ವಿ, ಹಿತ್ತಲ ಬಾಗಿಲು ಬಡಿದರು. ಆ ಬಾಗಿಲಿಗೆ ಯಾರೂ ಬರೋದಿಲ್ಲ. ಸೆವೆರೋ ಎದ್ದ, ನಾನು ಅವನ ತೋಳು ಹಿಡಿದು ಕೂರಿಸಿದೆ. ಅವನಿಗೆ ಇನ್ನೊಂದು ಏಟು ಬಿದ್ದರೆ ತಡೆಯೋದಿಲ್ಲ. ನಾನೇ ಹೋಗಿ ತೆಗೆದೆ.

ಬಿಳಿ ಹೆಂಗಸು. ಚರ್ಚಿನ ಬಟ್ಟೆ, ಕೈಗೆ ಗವಸು, ಮುಖದ ಅರ್ಧಕ್ಕೆ ಬೀಳೋ ಟೋಪಿ. ಹಳಿಯ ಈಚೆ ಅಂಥವರನ್ನು ನಾನು ಕಂಡಿಲ್ಲ. ಒಂದು ಗಳಿಗೆ ಆದ ಮೇಲೆ ಗುರುತು ಹತ್ತಿತು, ಅವನ ಹೆಂಡತಿ, ವರ್ನೆಲ್. ಅವಳು ಹಿಂದೆ ತಿರುಗಿ ಓಣಿ ನೋಡಿದಳು. ನಾನೂ ನೋಡಿದೆ. ಯಾರೂ ಇರಲಿಲ್ಲ. ಪುರಸಭೆ ಸದಸ್ಯರು ಅಂದರೆ ನೀವೇ ತಾನೇ ಅಂತ ಕೇಳಿದಳು. ಹೌದು ಅಂದೆ. ಸ್ವಲ್ಪ ಹೊತ್ತು ನನ್ನ ಹೊಸಿಲು ನೋಡ್ತಾ ನಿಂತಳು. ಆಮೇಲೆ ಹೇಳಿದಳು:

"ಅವನು ಈಗ ದಿನವಿಡೀ ಮನೆಯಲ್ಲೇ ಇರ್ತಾನೆ."

ಟೋಪಿ ಎತ್ತಿದಳು. ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು.

ನನ್ನ ಮನಸ್ಸಲ್ಲಿ ಏನು ಬಂತು ಅಂತ ನಿನಗೆ ಸುಳ್ಳು ಹೇಳೋದಿಲ್ಲ. ಬಾಗಿಲು ಹಾಕಿಬಿಡಬೇಕು ಅನ್ನಿಸ್ತು. ಇವಳು ಇಲ್ಲಿದ್ದಾಳೆ ಅಂತ ಗೊತ್ತಾದರೆ ಅವನು ನೇರ ಇಲ್ಲಿಗೇ ಬರ್ತಾನೆ, ಈ ಸಲ ತಡೆಯೋಕೆ ಅವನಿಗೆ ಬ್ಯಾಡ್ಜು ಕಳ್ಕೊಳ್ಳೋ ಭಯವೂ ಇಲ್ಲ. ಇಷ್ಟು ವರ್ಷ ಅವನ ಅಂಗಿ ಇಸ್ತ್ರಿ ಮಾಡಿದ ಕೈ ಇದು ಅಂತಲೂ ಅನ್ನಿಸ್ತು. ಆಮೇಲೆ ಅವಳ ಬೂಟು ನೋಡಿದೆ. ಊರ ಆ ತುದಿಯಿಂದ ನಡೆದೇ ಬಂದಿದ್ದಳು, ಧೂಳು ಹತ್ತಿತ್ತು.

ಒಳಗೆ ಬನ್ನಿ ಅಂದೆ.

ಪಾರ್ಲರಿನ ಕುರ್ಚಿಯಲ್ಲಿ ಕೂರಿಸಿ, ಮುಖ ತೊಳೆದು, ಔಷಧಿ ಹಚ್ಚಿದೆ. ಕೂದಲಿಗೆ ರಕ್ತ ಅಂಟಿತ್ತು, ಅದನ್ನೂ ತೊಳೆದೆ. ಸೆವೆರೋ ಬೀನ್ಸ್ ಬಿಸಿ ಮಾಡಿದ. ಅವಳು ಅವನ ದವಡೆ ನೋಡಿದಳು, ಆ ಮೇಲೆ ತಟ್ಟೆಯಿಂದ ತಲೆ ಎತ್ತಲಿಲ್ಲ. ಅವಳ ತಂಗಿ ಹ್ಯೂಸ್ಟನ್ನಿನಲ್ಲಿದ್ದಾಳಂತೆ. ನಾಳೆ ಬೆಳಿಗ್ಗೆ ದೋನ್ ಅಬುಂಡಿಯೋ ಬ್ರೆಡ್ ಗಾಡಿಯಲ್ಲಿ ಕರ್ಕೊಂಡು ಹೋಗಿ ಪಕ್ಕದ ಊರಿನ ಬಸ್ಸಿಗೆ ಹತ್ತಿಸ್ತಾರೆ. ಅಲ್ಲಿಯ ತನಕ ಇಲ್ಲೇ.

ಈಗ ಸಂಜೆ ಆಗ್ತಾ ಬಂತು. ಎರಡೂ ಬಾಗಿಲಿಗೆ ಚಿಲಕ ಹಾಕಿದೆ. ಸೆವೆರೋ ಮುಂಬಾಗಿಲಿಗೆ ಕುರ್ಚಿ ಹಾಕ್ಕೊಂಡಿದ್ದಾನೆ. ಅವಳು ನನ್ನ ಎದುರಿಗೆ ಕೂತು ಗವಸು ಮಡಿಸ್ತಾಳೆ, ಬಿಚ್ಚುತ್ತಾಳೆ, ಮತ್ತೆ ಮಡಿಸ್ತಾಳೆ. ಬೀದಿಯಲ್ಲಿ ಯಾವ ಕಾರಿನ ಸದ್ದು ಕೇಳಿದರೂ ಮೂವರೂ ಒಟ್ಟಿಗೇ ತಲೆ ಎತ್ತುತ್ತೀವಿ.

ಒಡೀಲಿಯಾ